ಪವರ್ ಸ್ಪ್ರೇಯರ್ ಮತ್ತು ಬ್ರಷ್ ಕಟರ್ ಎಂಜಿನ್ ಮುಗ್ಗರಿಸಿದಾಗ: ಸ್ಪಾರ್ಕ್ ಪ್ಲಗ್ ನೋಡಿ ಕಾರಣ ತಿಳಿಯುವ ವಿಧಾನ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಬೇಸಾಯ ಒಂದೇ ತೆರನಾದುದಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟಗಳು ಹೆಚ್ಚು. ಹೊನ್ನಾಳಿ ಹಾಗೂ ನ್ಯಾಮತಿಯಲ್ಲಿ ನೀರಾವರಿ ಬತ್ತದ ಜೊತೆಗೆ ಮೆಕ್ಕೆಜೋಳ ಮತ್ತು ಅಡಿಕೆ ಇವೆ. ಜಗಳೂರಿನಲ್ಲಿ ಬಹುಪಾಲು ಮಳೆಯನ್ನೇ ನಂಬಿದ ಮೆಕ್ಕೆಜೋಳ, ಶೇಂಗಾ, ತೊಗರಿ. ಆದರೆ ಆಳುಗಳ ಅಭಾವ ನಾಲ್ಕೂ ಕಡೆ ಒಂದೇ. ಆದುದರಿಂದ ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಮತ್ತು ಹೆಗಲಿಗೆ ತೂಗುಹಾಕಿಕೊಂಡು ಕಳೆ ಕೊಚ್ಚುವ ಬ್ರಷ್ ಕಟರ್ ಈಗ ಎಲ್ಲ ಊರುಗಳಲ್ಲಿಯೂ ಕಾಣುತ್ತವೆ. ಸ್ವಂತಕ್ಕೆ ಇಲ್ಲದವರು ನೆರೆಯವರಿಂದಲೋ, 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿಂದಲೋ ತರುತ್ತಾರೆ.

ಈ ಯಂತ್ರಗಳಲ್ಲಿ ಬಹಳಷ್ಟು ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ನಿಂದ ನಡೆಯತಕ್ಕವು. ಇವುಗಳ ಬಗ್ಗೆ ಬರುವ ದೂರುಗಳಲ್ಲಿ ಮೊದಲನೆಯದು, ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ರೇಸ್ ಕೊಟ್ಟ ಕೂಡಲೇ ಉಸಿರು ಕಟ್ಟಿದಂತೆ ಮುಗ್ಗರಿಸಿ ನಿಂತುಬಿಡುತ್ತದೆ ಎಂಬುದು. ಎರಡನೆಯದು, ಪ್ಲಗ್ ಮೇಲಿಂದ ಮೇಲೆ ಕಪ್ಪಾಗಿ ಕೆಡುತ್ತದೆ ಎಂಬುದು. ರಿಪೇರಿ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ, "ಪ್ಲಗ್ ಹೋಗೈತಿ, ಹೊಸದು ಹಾಕ್ರಿ" ಎಂದು. ಹೊಸ ಪ್ಲಗ್ ಹಾಕಿದೊಡನೆ ಎಂಜಿನ್ ನಡೆಯುವುದೂ ಉಂಟು. ನಾಲ್ಕು ದಿನ ಕಳೆದ ಮೇಲೆ ಅದೂ ಕಪ್ಪಾಗುತ್ತದೆ. ಪ್ಲಗ್ಗಿನ ಬೆಲೆ ಒಂದು ಆಳಿನ ದಿನಗೂಲಿಗಿಂತ ಕಡಮೆಯಾದ್ದರಿಂದ ಯಾರೂ ಹೆಚ್ಚು ಯೋಚಿಸುವುದಿಲ್ಲ. ಆದರೆ ಪ್ಲಗ್ ತಾನಾಗಿ ಕೆಡುವುದು ಅಪರೂಪ. ಜ್ವರ ಬಂದವನ ನಾಲಿಗೆಯನ್ನು ವೈದ್ಯರು ನೋಡುವಂತೆ, ಎಂಜಿನ್ನಿನ ಒಳಗೆ ನಡೆಯುತ್ತಿರುವುದನ್ನು ಹೊರಗೆ ತೋರಿಸುವ ಭಾಗ ಅದು. ಅದನ್ನು ನೋಡದೆ ಎಸೆದರೆ ಕಾರಣ ಒಳಗೇ ಉಳಿಯುತ್ತದೆ.

ಇದು ನಮ್ಮ ಕಡೆಯ ತೊಂದರೆ ಮಾತ್ರವಲ್ಲ. ಹಿಮ ಬೀಳುವ ದೇಶಗಳಲ್ಲಿ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಎಂಬ ಬಂಡಿಗಳಲ್ಲಿಯೂ ದಶಕಗಳಿಂದ ಟೂ ಸ್ಟ್ರೋಕ್ ಎಂಜಿನ್ ಬಳಕೆಯಲ್ಲಿದೆ. ಅಲ್ಲಿನವರ ದೂರೂ ಇದೇ: ರೇಸ್ ಕೊಟ್ಟರೆ ಮುಗ್ಗರಿಸುತ್ತದೆ, ಪ್ಲಗ್ ಕಪ್ಪಾಗುತ್ತದೆ. ಅಲ್ಲಿ ಚಳಿ, ಇಲ್ಲಿ ಬಿಸಿಲು ಮತ್ತು ಧೂಳು. ಪರೀಕ್ಷಿಸುವ ಕ್ರಮ ಮಾತ್ರ ಎರಡಕ್ಕೂ ಒಂದೇ.

ಯಂತ್ರ ಕೆಟ್ಟರೆ ಬೆಳೆಗೆ ಏನಾಗುತ್ತದೆ

ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದುದು 2018ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಮೆಕ್ಕೆಜೋಳದ ಹೊಲಗಳಲ್ಲಿ. ಈ ಹುಳುವಿಗೆ ಮರಿ ಚಿಕ್ಕದಿರುವಾಗಲೇ ಸುಳಿಗೆ ಔಷಧಿ ತಲುಪಬೇಕು. ಹುಳು ಬೆಳೆದು ಸುಳಿಯೊಳಗೆ ತನ್ನ ಹಿಕ್ಕೆಯ ಕೆಳಗೆ ಅಡಗಿಕೊಂಡ ಮೇಲೆ ಎಷ್ಟು ಹೊಡೆದರೂ ಪ್ರಯೋಜನ ಕಡಮೆ. ಅಡಿಕೆಯ ಕೊಳೆರೋಗಕ್ಕೂ ಹಾಗೆಯೇ. ಶೇಕಡ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅನಂತರ 40ರಿಂದ 45 ದಿನಗಳಿಗೆ ಇನ್ನೊಮ್ಮೆ ಸಿಂಪಡಿಸಬೇಕು. ನಡುವೆ ಮಳೆ ಬಿಡುವು ಕೊಡುವುದು ಒಂದೆರಡು ದಿನ ಮಾತ್ರ. ಆ ದಿನವೇ ಎಂಜಿನ್ ಕೈಕೊಟ್ಟರೆ ಆಗುವ ನಷ್ಟ ಪ್ಲಗ್ಗಿನ ಬೆಲೆಯ ಲೆಕ್ಕಕ್ಕೆ ಸಿಗುವಂಥದಲ್ಲ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗಾಳಿಯ ರಭಸದಿಂದ ಔಷಧಿ ಚದುರಿಸುವ ಸ್ಪ್ರೇಯರ್‌ಗಳಲ್ಲಿ ಹನಿಯ ಗಾತ್ರವನ್ನು ನಿರ್ಧರಿಸುವುದು ಫ್ಯಾನಿನ ವೇಗ. ಎಂಜಿನ್ ಪೂರ್ಣ ವೇಗಕ್ಕೆ ಏರದೆ ಮುಗ್ಗರಿಸುತ್ತಿದ್ದರೆ ಗಾಳಿ ಬಲ ಕುಗ್ಗಿ, ಮಂಜಿನಂತೆ ಬೀಳಬೇಕಾದ ಔಷಧಿ ದಪ್ಪ ಹನಿಗಳಾಗಿ ಎಲೆಯಿಂದ ಜಾರಿ ನೆಲಕ್ಕೆ ಹೋಗುತ್ತದೆ. ಒಂದು ಸಾಲಿಗೆ ಹೆಚ್ಚು, ಪಕ್ಕದ ಸಾಲಿಗೆ ಕಡಮೆ. ಔಷಧಿ ಹೊಡೆದರೂ ಹುಳು ಸಾಯಲಿಲ್ಲ ಎಂದು ದೂರುವ ಮೊದಲು ಎಂಜಿನ್ನಿನ ಸದ್ದು ಒಂದೇ ಸಮನಾಗಿತ್ತೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಎಂಜಿನ್ ಕೆಲಸ ಮಾಡುವ ರೀತಿ

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತ್ಯೇಕ ಆಯಿಲ್ ಗುಂಡಿ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಕ್ರ್ಯಾಂಕ್ ಪೆಟ್ಟಿಗೆಯ ಮೂಲಕ ಹಾಯುವಾಗ ಬೇರಿಂಗ್, ಪಿಸ್ಟನ್, ಸಿಲಿಂಡರ್‌ಗಳಿಗೆ ಜಿಡ್ಡು ಹಚ್ಚುತ್ತದೆ. ಪ್ರತಿ ಸುತ್ತಿಗೆ ಒಂದು ಕಿಡಿ ಬೇಕು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿಗೆ ಸೆಕೆಂಡಿಗೆ 100 ಕಿಡಿ ಬೇಕಾಯಿತು. ಈ ಕಿಡಿಗಳು ಪ್ಲಗ್ಗಿನ ತುದಿಯಲ್ಲಿರುವ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಿನ ಸಂದಿಯನ್ನು ದಾಟಬೇಕು.

ಕೆಲಸ ಮಾಡುವಾಗ ಪ್ಲಗ್ಗಿನ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಕಟ್ಟುತ್ತದೆ. ಮಸಿಯಲ್ಲಿ ವಿದ್ಯುತ್ ಹರಿಯುವುದರಿಂದ ಕಿಡಿ ಸಂದಿಯನ್ನು ದಾಟದೆ ಪಿಂಗಾಣಿಯ ಮೇಲಿನ ಮಸಿಯ ದಾರಿ ಹಿಡಿದು ಸೋರಿಹೋಗುತ್ತದೆ. ತುದಿ ಸುಮಾರು 850 ಡಿಗ್ರಿ ಮೀರಿದರೆ ಕಿಡಿಗೆ ಕಾಯದೆ ಕೆಂಪಗೆ ಕಾದ ತುದಿಯಿಂದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ಕರಗುವ ಅಪಾಯವಿದೆ. ಯಂತ್ರವನ್ನು ಬಹಳ ಹೊತ್ತು ಸಣ್ಣ ವೇಗದಲ್ಲಿ ಸುಮ್ಮನೆ ಓಡಲು ಬಿಟ್ಟರೆ ಪ್ಲಗ್ ಏಕೆ ಕಪ್ಪಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಮಾತಾಡುತ್ತ ನಿಲ್ಲುವುದಾದರೆ ಎಂಜಿನ್ ನಿಲ್ಲಿಸುವುದೇ ಸರಿ.

ಪ್ಲಗ್ ಓದುವ ಬಗೆ

ಪ್ಲಗ್ ನೋಡುವುದಕ್ಕೂ ಒಂದು ಕ್ರಮವಿದೆ. ಯಂತ್ರದಿಂದ ಕೆಲಸ ಮಾಡಿಸುತ್ತಿರುವಾಗಲೇ, ಪೂರ್ಣ ವೇಗದಲ್ಲಿ ಇರುವಂತೆಯೇ ಸ್ವಿಚ್ ಆಫ್ ಮಾಡಬೇಕು. ವೇಗ ಇಳಿಸಿ ಐದು ನಿಮಿಷ ಸಣ್ಣಗೆ ಓಡಿಸಿ ನಿಲ್ಲಿಸಿದರೆ ಪ್ಲಗ್ ತೋರಿಸುವುದು ಆ ಐದು ನಿಮಿಷದ ಕಥೆಯನ್ನು ಮಾತ್ರ. ಎಂಜಿನ್ ಆರಿದ ಮೇಲೆ ಪ್ಲಗ್ಗಿನ ಸುತ್ತಲಿನ ಧೂಳು ಊದಿ ತೆಗೆದು, ಸರಿಯಾದ ಬಾಕ್ಸ್ ಸ್ಪಾನರ್‌ನಿಂದ ಬಿಚ್ಚಬೇಕು. ಧೂಳು ಒರೆಸದೆ ಬಿಚ್ಚಿದರೆ ಅದು ನೇರ ಸಿಲಿಂಡರಿಗೆ ಬೀಳುತ್ತದೆ.

ತುದಿಯ ಪಿಂಗಾಣಿ ಒಣಗಿದ್ದು ತಿಳಿ ಕಂದು ಬಣ್ಣವಿದ್ದರೆ, ಅಂದರೆ ಹಾಲು ಹೆಚ್ಚಿನ ಕಾಫಿಯ ಬಣ್ಣವಿದ್ದರೆ, ಪೆಟ್ರೋಲು, ಗಾಳಿ, ಕಿಡಿ ಮೂರೂ ಸರಿಯಾಗಿವೆ. ಆಗಲೂ ಯಂತ್ರ ಎಳೆಯದಿದ್ದರೆ ದೋಷವನ್ನು ಬೇರೆಡೆ, ಬ್ಲೇಡು, ಕ್ಲಚ್ಚು, ಗೇರು ಅಥವಾ ಪಂಪಿನಲ್ಲಿ ಹುಡುಕಬೇಕು.

ಒಣ ಕರಿಮಸಿ, ಬೆರಳಿಗೆ ಕಾಡಿಗೆಯಂತೆ ಹತ್ತಿದರೆ, ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಮೆ ಎಂದು ಅರ್ಥ. ಏರ್ ಕ್ಲೀನರ್ ಕಟ್ಟಿಕೊಂಡಿರುವುದು, ಚೋಕ್ ಪೂರ್ತಿ ತೆರೆಯದಿರುವುದು ಇದರ ಸಾಮಾನ್ಯ ಕಾರಣಗಳು. ಕಿಡಿ ದುರ್ಬಲವಾಗಿದ್ದರೂ ಇದೇ ಗುರುತು ಕಾಣುತ್ತದೆ.

ಕರಿ ಬಣ್ಣದ ಜೊತೆಗೆ ಜಿಡ್ಡು ಜಿಡ್ಡಾಗಿ ಹೊಳೆಯುತ್ತಿದ್ದರೆ ಆಯಿಲ್ ಅತಿಯಾಗಿದೆ ಅಥವಾ ಟೂ ಸ್ಟ್ರೋಕ್‌ಗೆ ಸಲ್ಲದ ಆಯಿಲ್ ಬಿದ್ದಿದೆ. ಟ್ರ್ಯಾಕ್ಟರಿಗೆ ತಂದ ಎಂಜಿನ್ ಆಯಿಲ್ ಉಳಿದಿದೆಯೆಂದು ಅದನ್ನೇ ಬೆರೆಸುವವರಿದ್ದಾರೆ. ಅದು ಪೆಟ್ರೋಲಿನೊಡನೆ ಶುದ್ಧವಾಗಿ ಉರಿಯುವಂತೆ ಮಾಡಿದ ಆಯಿಲ್ ಅಲ್ಲ. ಬೂದಿ ಮತ್ತು ಇದ್ದಿಲು ಉಳಿಸುತ್ತದೆ.

ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗಿದ್ದು ವಾಸನೆ ಬರುತ್ತಿದ್ದರೆ ಒಂದೋ ಕಿಡಿ ಇಲ್ಲ, ಇಲ್ಲವೇ ಚೋಕ್ ಹಾಕಿ ಹಗ್ಗ ಎಳೆದೂ ಎಳೆದೂ ಸಿಲಿಂಡರಿಗೆ ಪೆಟ್ರೋಲ್ ತುಂಬಿದೆ. ಹತ್ತು ಬಾರಿ ಎಳೆದರೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ.

ಬಿಳಿ ಬಣ್ಣವನ್ನು ಕಂಡು ಹಲವರು ಪ್ಲಗ್ ಸ್ವಚ್ಛವಾಗಿದೆ ಎಂದು ಸಂತೋಷಪಡುವುದುಂಟು. ವಾಸ್ತವವಾಗಿ ಕರಿಮಸಿಗಿಂತ ಭಯಪಡಬೇಕಾದುದು ಇದಕ್ಕೆ. ಸುಣ್ಣ ಹಚ್ಚಿದಂತೆ ಬೆಳ್ಳಗಾಗಿದ್ದು ತುದಿ ಸವೆದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಪೆಟ್ರೋಲ್ ಸಾಲದು, ಎಲ್ಲಿಂದಲೋ ಹೆಚ್ಚಿನ ಗಾಳಿ ಒಳನುಗ್ಗುತ್ತಿದೆ, ಸಿಲಿಂಡರಿನ ರೆಕ್ಕೆಗಳ ನಡುವೆ ಕಸ ತುಂಬಿದೆ ಅಥವಾ ಪ್ಲಗ್ ತಪ್ಪು ಜಾತಿಯದು. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಡಮೆಯಾದರೆ ಅದರೊಂದಿಗೆ ಬರುವ ಆಯಿಲ್ಲೂ ಕಡಮೆಯಾಗುತ್ತದೆ. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಲೋಹದ ಮಣಿಗಳು ಹತ್ತಿದ್ದರೆ ಅವು ಪಿಸ್ಟನ್ನಿನಿಂದಲೇ ಕರಗಿ ಬಂದ ಅಲ್ಯೂಮಿನಿಯಂ. ಅಂಥ ಯಂತ್ರವನ್ನು ಮತ್ತೆ ಒಂದು ನಿಮಿಷವೂ ಓಡಿಸಕೂಡದು.

ಚೋಕ್ ಪರೀಕ್ಷೆ

ಸ್ಟಾರ್ಟ್ ಆಗಿ, ರೇಸ್ ಕೊಟ್ಟಾಗ ಮುಗ್ಗರಿಸುವ ಎಂಜಿನ್ನಿಗೆ ಒಂದು ಸುಲಭ ಪರೀಕ್ಷೆ ಇದೆ. ಎಂಜಿನ್ ಬಿಸಿಯಾದ ಮೇಲೆ ಓಡುತ್ತಿರುವಂತೆಯೇ ಚೋಕನ್ನು ಅರ್ಧ ಮುಚ್ಚಿ ನಿಧಾನವಾಗಿ ರೇಸ್ ಕೊಡಬೇಕು. ಚೋಕ್ ಗಾಳಿಯನ್ನು ತಡೆದು ಪೆಟ್ರೋಲನ್ನು ಹೆಚ್ಚು ಎಳೆಯುತ್ತದೆ. ಹೀಗೆ ಮಾಡಿದಾಗ ಎಂಜಿನ್ ಸುಧಾರಿಸಿದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಇನ್ನಷ್ಟು ಮುಗ್ಗರಿಸಿ ಹೊಗೆ ಕಾರಿದರೆ ಪೆಟ್ರೋಲ್ ಈಗಾಗಲೇ ಹೆಚ್ಚಿದೆ, ಗಾಳಿ ಸಾಲುತ್ತಿಲ್ಲ ಅಥವಾ ಹೊಗೆ ಹೊರಹೋಗುತ್ತಿಲ್ಲ. ಒಂದು ನಿಮಿಷದ ಈ ಪರೀಕ್ಷೆಯಿಂದ ಹುಡುಕಾಟ ಅರ್ಧಕ್ಕರ್ಧ ಇಳಿಯುತ್ತದೆ. ಆದರೆ ಚೋಕ್ ಹಾಕಿಕೊಂಡೇ ದಿನವಿಡೀ ಕೆಲಸ ಮುಗಿಸುವ ಅಭ್ಯಾಸ ಒಳ್ಳೆಯದಲ್ಲ. ಕೊರತೆ ಬೆಳೆಯುತ್ತ ಹೋಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಪೆಟ್ರೋಲ್ ಸಾಲದಿದ್ದರೆ

ಮೊದಲು ನೋಡಬೇಕಾದುದು ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಒಳಹೋಗಲು ಸಣ್ಣ ರಂಧ್ರವಿದೆ. ಧೂಳು, ಜಿಡ್ಡು ಸೇರಿ ಅದು ಮುಚ್ಚಿದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪೆಟ್ರೋಲ್ ಇಳಿಯುವುದಿಲ್ಲ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ನಿಲ್ಲುವ, ಸ್ವಲ್ಪ ಹೊತ್ತಿನ ನಂತರ ಮತ್ತೆ ಸ್ಟಾರ್ಟ್ ಆಗುವ ಎಂಜಿನ್‌ಗಳಲ್ಲಿ ಇದನ್ನು ಮೊದಲು ಸಂಶಯಪಡಬೇಕು. ನಿಂತ ಕೂಡಲೇ ಮುಚ್ಚಳ ಸಡಿಲಿಸಿದಾಗ ಗಾಳಿ ಎಳೆದುಕೊಳ್ಳುವ ಸದ್ದು ಬಂದರೆ ರೋಗ ಸಿಕ್ಕಿದಂತೆಯೇ.

ಅನಂತರ ಟ್ಯಾಂಕಿನೊಳಗೆ ಕೊಳವೆಯ ತುದಿಯಲ್ಲಿರುವ ಫಿಲ್ಟರ್. ಕೊಕ್ಕೆ ಮಾಡಿದ ತಂತಿಯಿಂದ ಅದನ್ನು ಬಾಯಿಗೆ ಎಳೆದು ನೋಡಬಹುದು. ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಬದಲಿಸಬೇಕು. ಕೊಳವೆ ಬಿರುಕು ಬಿಟ್ಟಿದ್ದರೆ ಪೆಟ್ರೋಲಿನ ಜೊತೆ ಗಾಳಿ ಸೇರುತ್ತದೆ.

ಮೂರನೆಯದು ಕಾರ್ಬೊರೇಟರ್. ಇದರ ಜೆಟ್ಟಿನ ರಂಧ್ರ ಸೂಜಿಯ ಮೊನೆಗಿಂತ ಸಣ್ಣದು. ಅದಕ್ಕೆ ತಂತಿ ತೂರಿಸಿ ಹಿಗ್ಗಿಸಿದರೆ ಮತ್ತೆ ಸರಿಹೋಗುವುದಿಲ್ಲ. ಶುದ್ಧ ಪೆಟ್ರೋಲಿನಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಊದಿದರೆ ಸಾಕು. ಬಾಯಿಂದ ಊದುವುದು ಬೇಡ, ಔಷಧಿ ಹೊಡೆಯುವ ಯಂತ್ರಕ್ಕಂತೂ ಸರ್ವಥಾ ಬೇಡ. ಬ್ರಷ್ ಕಟರ್‌ಗಳ ಕಾರ್ಬೊರೇಟರಿನಲ್ಲಿ ತೆಳು ಪೊರೆಯಂಥ ಡಯಾಫ್ರಮ್ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದು ಗಟ್ಟಿಯಾಗಿ ಸುಕ್ಕುಗಟ್ಟಿದರೆ ಸಣ್ಣ ವೇಗದಲ್ಲಿ ಸರಿಯಾಗಿ ಓಡುವ ಎಂಜಿನ್ ರೇಸ್ ಕೊಟ್ಟಾಗ ಗುಕ್ಕೆಂದು ಕುಸಿಯುತ್ತದೆ. ಇದಕ್ಕೆ ಪ್ಲಗ್ ಬದಲಿಸಿ ಫಲವಿಲ್ಲ. ಕಾರ್ಬೊರೇಟರ್ ಕಿಟ್ ಹಾಕಿಸಬೇಕು. ತಿರುಪುಗಳನ್ನು ತಿರುಗಿಸುವುದೇ ಆದರೆ ಮೊದಲು ಅವು ಎಷ್ಟು ಸುತ್ತಿನಲ್ಲಿದ್ದವು ಎಂದು ಬರೆದಿಟ್ಟುಕೊಂಡು, ಸುತ್ತಿನ ಎಂಟನೆಯ ಒಂದು ಭಾಗದಷ್ಟೇ ತಿರುಗಿಸಿ ನೋಡಬೇಕು.

ಇವೆಲ್ಲ ಸರಿಯಿದ್ದೂ ಪ್ಲಗ್ ಬಿಳಿಯಾಗಿದ್ದು, ಬೆರಳು ತೆಗೆದರೂ ಎಂಜಿನ್ ತಾನಾಗಿ ವೇಗ ಏರಿಸಿಕೊಳ್ಳುತ್ತಿದ್ದರೆ ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ಪ್ಯಾಕಿಂಗ್ ಅಥವಾ ಕ್ರ್ಯಾಂಕಿನ ಆಯಿಲ್ ಸೀಲಿನ ಮೂಲಕ ಗಾಳಿ ಸೋರುತ್ತಿದೆ. ಬೋಲ್ಟು ಬಿಗಿ ಮಾಡುವುದನ್ನು ರೈತರೇ ಮಾಡಬಹುದು. ಸೀಲು ಬದಲಿಸುವುದು ಮೆಕ್ಯಾನಿಕ್‌ನ ಕೆಲಸ.

ಗಾಳಿ ಸಾಲದಿದ್ದರೆ

ಜಗಳೂರು ಭಾಗದ ಒಣ ಹೊಲಗಳಲ್ಲಿ ಏರ್ ಕ್ಲೀನರ್ ಅರ್ಧ ದಿನದಲ್ಲಿಯೇ ಕಟ್ಟಿಕೊಳ್ಳಬಹುದು. ಬೇಸಿಗೆಯಲ್ಲಿ ಬದುವಿನ ಒಣ ಹುಲ್ಲು ಕೊಚ್ಚುವಾಗ ಬ್ಲೇಡು ಮಣ್ಣಿಗೆ ತಾಗಿ ಏಳುವ ಧೂಳೆಲ್ಲ ಎಂಜಿನ್ನಿನ ಸುತ್ತ ಸುಳಿಯುತ್ತದೆ. ಅಲ್ಲಿ ದಿನಕ್ಕೆ ಎರಡು ಬಾರಿಯಾದರೂ ಕ್ಲೀನರ್ ಬಿಚ್ಚಿ ನೋಡುವುದು ಅವಶ್ಯಕ. ಸ್ಪಂಜಿನದಾದರೆ ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಕೆಲವು ಹನಿ ಆಯಿಲ್ ಹಾಕಿ ಹಿಂಡಿ ಹಾಕಬೇಕು. ಕಾಗದದ ಅಥವಾ ಬಟ್ಟೆಯಂಥ ಕ್ಲೀನರಿಗೆ ಆಯಿಲ್ ಹಾಕಬಾರದು, ಕೊಡವಿ ಧೂಳು ಉದುರಿಸಬೇಕು. ಕ್ಲೀನರ್ ಕಟ್ಟಿದೆಯೆಂದು ಅದನ್ನೇ ಕಿತ್ತುಹಾಕಿ ಓಡಿಸುವವರೂ ಇದ್ದಾರೆ. ಎಂಜಿನ್ ಆ ದಿನ ಹುರುಪಿನಿಂದ ಓಡುತ್ತದೆ. ಮರಳಿನ ಕಣ ಸಿಲಿಂಡರನ್ನು ಉಜ್ಜಿ ತಿನ್ನುವುದು ಗೊತ್ತಾಗುವುದು ತಿಂಗಳು ಕಳೆದ ಮೇಲೆ, ಹಗ್ಗ ಎಳೆದಾಗ ಕೈಗೆ ಬಿಗಿ ಸಿಗದಾದಾಗ.

ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಧೂಳು ಕಡಮೆ. ಅಲ್ಲಿ ತೊಂದರೆ ಹೆಚ್ಚಾಗಿ ಹೊಗೆ ಹೋಗುವ ದಾರಿಯಲ್ಲಿ. ಸಾಲುಗಳ ನಡುವೆ ಮರಕ್ಕೆ ತಾಗದಂತೆ ನಿಲ್ಲಿಸಿ ನಿಲ್ಲಿಸಿ ಕೊಚ್ಚಬೇಕಾದ್ದರಿಂದ ಎಂಜಿನ್ ಪೂರ್ಣ ವೇಗದಲ್ಲಿ ಓಡುವುದಕ್ಕಿಂತ ಅರೆವೇಗದಲ್ಲಿ ಓಡುವುದೇ ಜಾಸ್ತಿ. ಸೈಲೆನ್ಸರ್ ಬಿಸಿಯಾಗದೆ ಆಯಿಲ್ಲಿನ ಅಂಶ ಇದ್ದಿಲಾಗಿ ಕಟ್ಟುತ್ತದೆ. ಕಿಡಿ ಹೊರಗೆ ಹಾರದಂತೆ ಸೈಲೆನ್ಸರಿನ ಬಾಯಿಗೆ ಹಾಕಿರುವ ಜಾಲರಿಯೂ ಮುಚ್ಚಿಕೊಳ್ಳುತ್ತದೆ. ಹೊಗೆ ಹೊರಹೋಗದಿದ್ದರೆ ಹೊಸ ಗಾಳಿ ಒಳಬರುವುದಾದರೂ ಹೇಗೆ? ಜಾಲರಿಯನ್ನು ಬಿಚ್ಚಿ ತಂತಿ ಬ್ರಷ್‌ನಿಂದ ಉಜ್ಜಬೇಕು. ಸೈಲೆನ್ಸರ್ ತೆಗೆದು ಸಿಲಿಂಡರಿನ ಹೊಗೆಗಂಡಿಯಲ್ಲಿ ಇದ್ದಿಲು ಕಟ್ಟಿದ್ದರೆ, ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತಂದು ಗಂಡಿ ಮುಚ್ಚುವಂತೆ ನಿಲ್ಲಿಸಿ, ಬಿದಿರಿನ ಕಡ್ಡಿಯಿಂದ ಕೆರೆದು ಊದಬೇಕು. ಸ್ಕ್ರೂಡ್ರೈವರ್ ಬಳಸಿದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ. ಇದೇ ತೋಟಗಳಲ್ಲಿ ಸೋಗೆಯ ನಾರು, ಹಂಬು ಬ್ಲೇಡಿನ ಬುಡಕ್ಕೆ ಸುತ್ತಿಕೊಂಡು ಎಂಜಿನ್ ಎಳೆಯದಂತಾಗುವುದೂ ಉಂಟು. ಇದನ್ನು ಎಂಜಿನ್ನಿನ ದೋಷವೆಂದು ತಿಳಿದು ಕಾರ್ಬೊರೇಟರ್ ಬಿಚ್ಚಬಾರದು. ಬ್ಲೇಡಿನ ಹತ್ತಿರ ಕೈ ಹಾಕುವ ಮೊದಲು ಪ್ಲಗ್ಗಿನ ಟೋಪಿ ಕಿತ್ತಿಡತಕ್ಕದ್ದು.

ಕಿಡಿಯ ಪರೀಕ್ಷೆ

ಪ್ಲಗ್ ಬಿಚ್ಚಿ ಒರೆಸಿ ಅದರ ಟೋಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಸಿಲಿಂಡರಿನ ಲೋಹಕ್ಕೆ ಒತ್ತಿಹಿಡಿದು ಹಗ್ಗ ಎಳೆಯಬೇಕು. ಹಿಡಿಯುವುದು ರಬ್ಬರ್ ಟೋಪಿಯ ಭಾಗವನ್ನು, ಪ್ಲಗ್ಗಿನ ಗಂಡಿಯಿಂದ ಆದಷ್ಟು ದೂರ. ಗಂಡಿಯಿಂದ ಪೆಟ್ರೋಲಿನ ಆವಿ ಹೊರಬರುವುದರಿಂದ ಹತ್ತಿರದಲ್ಲಿ ಕಿಡಿ ಹಾರಿದರೆ ಬೆಂಕಿ ಹತ್ತುತ್ತದೆ. ನೆಲಕ್ಕೆ ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಈ ಪರೀಕ್ಷೆ ಸಲ್ಲದು. ಚಟ್ಟೆನ್ನುವ ನೀಲಿ ಕಿಡಿ ಕಂಡರೆ ಸರಿ. ತೆಳ್ಳಗೆ ಕೆಂಪಗಿದ್ದರೆ ಅಥವಾ ಕಿಡಿಯೇ ಇಲ್ಲದಿದ್ದರೆ ಇನ್ನೊಂದು ಒಳ್ಳೆಯ ಪ್ಲಗ್ ಹಾಕಿ ನೋಡಬೇಕು. ಆಗಲೂ ಇಲ್ಲದಿದ್ದರೆ ದೋಷ ಪ್ಲಗ್ಗಿನದಲ್ಲ.

ಇಲ್ಲಿ ಅನೇಕರು ಕಾಯಿಲ್ ಸುಟ್ಟಿದೆಯೆಂದು ತಕ್ಷಣ ಹೊಸದನ್ನು ಕೊಳ್ಳುತ್ತಾರೆ. ಅದಕ್ಕೆ ಮೊದಲು ಸ್ವಿಚ್ಚಿನಿಂದ ಬರುವ ತಂತಿಯನ್ನು ನೋಡುವುದು ಮೇಲು. ಈ ಎಂಜಿನ್ ನಿಲ್ಲುವುದೇ ಆ ತಂತಿ ಲೋಹದ ಮೈಗೆ ಮುಟ್ಟಿ ಕಿಡಿಯನ್ನು ಕೊಲ್ಲುವುದರಿಂದ. ಬ್ರಷ್ ಕಟರಿನ ದಂಡದ ಉದ್ದಕ್ಕೂ ಹೋಗುವ ಈ ತಂತಿಯ ಸಿಪ್ಪೆ ಸವೆದು ಲೋಹಕ್ಕೆ ತಾಗಿದರೆ ಸ್ವಿಚ್ ಆನ್ ಇದ್ದರೂ ಆಫ್ ಮಾಡಿದಂತೆಯೇ. ಕುಲುಕಾಟಕ್ಕೆ ಒಮ್ಮೆ ತಾಗಿ ಒಮ್ಮೆ ಬಿಟ್ಟರೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ತಂತಿಯನ್ನು ಎಂಜಿನ್ನಿನ ಕಡೆ ಬಿಡಿಸಿ ಕಿಡಿ ಪರೀಕ್ಷಿಸಿದರೆ ತಿಳಿಯುತ್ತದೆ. ಕಾಯಿಲ್ಲಿಗೂ ತಿರುಗುವ ಮ್ಯಾಗ್ನೆಟ್ ಚಕ್ರಕ್ಕೂ ನಡುವೆ ಸಾಧಾರಣವಾಗಿ 0.3 ಮಿಲಿಮೀಟರ್ ಸಂದಿ ಇರಬೇಕು, ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು. ತುಕ್ಕು ಹಿಡಿದಿದ್ದರೆ ಮರಳುಕಾಗದದಿಂದ ಹಗುರವಾಗಿ ಉಜ್ಜಬೇಕು. ತಣ್ಣಗಿದ್ದಾಗ ಕಿಡಿ ಕೊಟ್ಟು ಬಿಸಿಯಾದ ಮೇಲೆ ಕಿಡಿ ನಿಲ್ಲಿಸುವ ಕಾಯಿಲ್ ಮಾತ್ರ ಬದಲಾವಣೆಗೆ ಯೋಗ್ಯ. ಎಂಜಿನ್ ಬಿಸಿಯಲ್ಲಿ ನಿಂತ ಗಳಿಗೆಯಲ್ಲಿಯೇ ಕಿಡಿ ನೋಡಿದರೆ ಇದನ್ನು ಮುಚ್ಚಳದ ದೋಷದಿಂದ ಬೇರ್ಪಡಿಸಬಹುದು.

ಬೋರ್ಡೋ ದ್ರಾವಣ ಸಿಂಪಡಿಸುವ ಯಂತ್ರಗಳಲ್ಲಿ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ತುತ್ತ ಮತ್ತು ಸುಣ್ಣದ ಪದರ ಕೂರುತ್ತದೆ. ತೇವವಿದ್ದಾಗ ಕಿಡಿ ಹೊರಗಿನಿಂದಲೇ ಹರಿದುಹೋಗಬಹುದು. ದಿನದ ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ, ಅನಂತರ ಒಣ ಬಟ್ಟೆಯಿಂದ ಒರೆಸಿಡಬೇಕು.

ಪ್ಲಗ್ಗಿನ ಸಂದಿ ಹೆಚ್ಚಿನ ಯಂತ್ರಗಳಲ್ಲಿ 0.6ರಿಂದ 0.7 ಮಿಲಿಮೀಟರ್. ಗೇಜ್ ಇಲ್ಲದವರು ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡನ್ನು ಹಲ್ಲಿಲ್ಲದ ಕಡೆಯಿಂದ ತೂರಿಸಿ ನೋಡಬಹುದು, ಅದರ ದಪ್ಪ ಹೆಚ್ಚು ಕಡಮೆ ಇಷ್ಟೇ. ಹೊರಗಿನ ಕೊಕ್ಕೆಯನ್ನು ಮಾತ್ರ ಬಾಗಿಸಬೇಕು. ಮಸಿಯನ್ನು ಪೆಟ್ರೋಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬೇಕು. ಒಲೆಯ ಉರಿಗೆ ಹಿಡಿದು ಸುಟ್ಟರೆ ಪಿಂಗಾಣಿ ಬಿರಿಯುತ್ತದೆ. ಹೊಸ ಪ್ಲಗ್ಗನ್ನು ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ವಾಷರ್ ಕೂತ ಮೇಲೆ ಸ್ಪಾನರ್‌ನಿಂದ ಅರ್ಧ ಸುತ್ತು ಸಾಕು, ಹಳೆಯದಾದರೆ ಅದಕ್ಕಿಂತಲೂ ಕಡಮೆ. ಸಿಲಿಂಡರಿನ ತಲೆ ಅಲ್ಯೂಮಿನಿಯಂ ಆದ್ದರಿಂದ ಬಲ ಹಾಕಿದರೆ ಥ್ರೆಡ್ಡು ಕಿತ್ತುಬರುತ್ತದೆ.

ಪ್ಲಗ್ ಕೊಳ್ಳುವಾಗ ಹಳೆಯದರ ನಂಬರನ್ನು ಬರೆದುಕೊಂಡು ಹೋಗಬೇಕು. ಬಿಸಿ ಜಾತಿ, ತಣ್ಣನೆ ಜಾತಿ ಎಂದು ಪ್ಲಗ್ಗುಗಳಲ್ಲಿ ಎರಡು ಬಗೆ. ಒಂದು ಕಂಪನಿಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣನೆಯದಾಗುತ್ತದೆ, ಇನ್ನೊಂದರಲ್ಲಿ ಬಿಸಿಯದಾಗುತ್ತದೆ. ಎನ್‌ಜಿಕೆ ಮತ್ತು ಬಾಷ್ ಇದಕ್ಕೆ ಉದಾಹರಣೆ. ಹಿರಿಯ ರೈತರಿಗೆ ಮೈಕೋ ಎಂದು ಪರಿಚಯವಿರುವ ಬೆಂಗಳೂರಿನ ಕಂಪನಿಯೇ 2008ರಿಂದ ಬಾಷ್ ಎಂಬ ಹೆಸರಿನಲ್ಲಿದೆ. ಹೀಗಾಗಿ ಅಂಕಿ ಒಂದೇ ಇದೆಯೆಂದು ಕಂಪನಿ ಬದಲಿಸಿದರೆ ಮೋಸಹೋಗುವ ಸಂಭವವಿದೆ. ಥ್ರೆಡ್ಡಿನ ಉದ್ದವೂ ಸರಿಹೊಂದಬೇಕು. ಉದ್ದ ಜಾಸ್ತಿಯಾದರೆ ಪಿಸ್ಟನ್ನಿಗೆ ಬಡಿಯಬಹುದು.

ಆಯಿಲ್ ಬೆರಕೆ ಮತ್ತು ಪೆಟ್ರೋಲ್

ಒಂದು ಲೀಟರ್ ಪೆಟ್ರೋಲಿಗೆ 25ಕ್ಕೆ 1ರಂತೆ ಬೆರೆಸುವುದಾದರೆ 40 ಮಿಲಿಲೀಟರ್, 40ಕ್ಕೆ 1ರಂತಾದರೆ 25 ಮಿಲಿಲೀಟರ್, 50ಕ್ಕೆ 1ರಂತಾದರೆ 20 ಮಿಲಿಲೀಟರ್ ಆಯಿಲ್ ಬೇಕು. ಯಾವುದು ಎಂಬುದು ಯಂತ್ರದ ಪುಸ್ತಕದಲ್ಲಿರುತ್ತದೆ, ಎಷ್ಟೋ ಯಂತ್ರಗಳಲ್ಲಿ ಟ್ಯಾಂಕಿನ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ. ಬಾಟಲಿಯ ಮುಚ್ಚಳದಲ್ಲಿ "ಎರಡು ಮುಚ್ಚಳ" ಎಂದು ಹಾಕುವ ಲೆಕ್ಕ ನಂಬುವಂಥದಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ 50 ಮಿಲಿಲೀಟರಿನ ಸಿರಿಂಜ್ ಒಂದನ್ನು ಇದಕ್ಕೇ ಮೀಸಲಿಟ್ಟರೆ ತಪ್ಪುವುದಿಲ್ಲ. ಬೇರೆ ಕ್ಯಾನಿನಲ್ಲಿ ಅರ್ಧ ಪೆಟ್ರೋಲಿಗೆ ಆಯಿಲ್ ಹಾಕಿ ಕುಲುಕಿ, ಉಳಿದ ಪೆಟ್ರೋಲ್ ಸೇರಿಸಿ ಮತ್ತೆ ಕುಲುಕಿ, ಅನಂತರ ಟ್ಯಾಂಕಿಗೆ ಸೋಸಿ ಹಾಕಬೇಕು. ಟ್ಯಾಂಕಿಗೇ ಆಯಿಲ್ ಸುರಿದರೆ ಅದು ತಳಕ್ಕಿಳಿದು ಮೊದಲು ಪ್ಲಗ್ ಜಿಡ್ಡಾಗುತ್ತದೆ, ಆಮೇಲೆ ಎಂಜಿನ್ನಿಗೆ ಆಯಿಲ್ಲೇ ಇಲ್ಲದಂತಾಗುತ್ತದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಬೆರೆಸಿಡುವ ರೂಢಿಯನ್ನು ಬಿಡಲೇಬೇಕು. ಹೊಲದಲ್ಲಿ ಬಾಯಾರಿದವರಿಗೆ ಅದು ಸಿಕ್ಕಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಬಾಡಿಗೆ ಯಂತ್ರ ತಂದವರು ಅದು ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂದು ಕೇಳಿಯೇ ಪೆಟ್ರೋಲ್ ಹಾಕಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಪ್ಲಗ್ ಕಪ್ಪಾಗುತ್ತದೆ, ಅಷ್ಟೇ. ಟೂ ಸ್ಟ್ರೋಕ್ ಎಂಜಿನ್ನಿಗೆ ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಳ್ಳುತ್ತದೆ.

ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಅಂಶ ಒಂದು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಕೊಳವೆಯ ಬಾಯಿ ಇರುವುದೂ ತಳದಲ್ಲಿಯೇ. ಹೊನ್ನಾಳಿ, ನ್ಯಾಮತಿಯ ನದಿ ಮತ್ತು ನಾಲೆಯ ಬಯಲುಗಳಲ್ಲಿ ಮಳೆಗಾಲದುದ್ದಕ್ಕೂ ತೇವ ಹೆಚ್ಚು. ಗದ್ದೆಯ ಬದುವಿನ ಮೇಲೆ ಬಾಯಿ ತೆರೆದ ಕ್ಯಾನ್ ಇಟ್ಟು ಕೆಲಸ ಮಾಡುವುದೂ ಅಲ್ಲಿ ಸಾಮಾನ್ಯ. ಸಂಶಯ ಬಂದರೆ ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ಕೆಳಗೆ ಬೇರೆ ಪದರ ಕಂಡರೆ ಅಷ್ಟನ್ನೂ ಬಿಸಾಡಬೇಕು, ಮೇಲಿನದನ್ನು ಉಳಿಸಿಕೊಳ್ಳುವ ಆಸೆ ಬೇಡ. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಒಂದು ವಾರಕ್ಕೆ ಬೇಕಾಗುವಷ್ಟೇ ಬೆರೆಸುವುದು ಉತ್ತಮ.

ಕೆಲಸವಿಲ್ಲದ ತಿಂಗಳುಗಳಲ್ಲಿ

ಹಂಗಾಮು ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದೂ ತೀರುವಂತೆ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಒಳಗೇ ಉಳಿದ ಪೆಟ್ರೋಲ್ ಆರಿ ಅಂಟಾಗಿ ಜೆಟ್ಟನ್ನು ಮುಚ್ಚುತ್ತದೆ. ಮುಂದಿನ ಮುಂಗಾರಿನಲ್ಲಿ ಎಂಜಿನ್ ಮುಗ್ಗರಿಸುವುದು ಅಲ್ಲಿಂದಲೇ ಶುರು. ಪ್ಲಗ್ ಬಿಚ್ಚಿ ಗಂಡಿಗೆ ಒಂದು ಚಮಚ ಟೂ ಸ್ಟ್ರೋಕ್ ಆಯಿಲ್ ಹಾಕಿ, ಹಗ್ಗವನ್ನು ನಿಧಾನವಾಗಿ ನಾಲ್ಕೈದು ಸಲ ಎಳೆದು, ಪ್ಲಗ್ ಮತ್ತೆ ಹಾಕಿ, ಹಗ್ಗ ಬಿಗಿಯೆನಿಸುವ ಜಾಗದಲ್ಲಿ ನಿಲ್ಲಿಸಿ ಇಡಬೇಕು. ಆಗ ಗಂಡಿಗಳು ಮುಚ್ಚಿರುತ್ತವೆ, ತೇವ ಒಳಹೋಗುವುದು ಕಡಮೆ. ಯಂತ್ರವನ್ನು ಗೊಬ್ಬರದ ಚೀಲಗಳ ಪಕ್ಕ ಇಡಬಾರದು. ಮತ್ತೆ ತೆಗೆದ ದಿನ ಮೊದಲ ಕೆಲವು ನಿಮಿಷ ಆ ಆಯಿಲ್ ಸುಟ್ಟು ದಟ್ಟ ಹೊಗೆ ಬರುತ್ತದೆ, ಪ್ಲಗ್ಗೂ ಒಮ್ಮೆ ಜಿಡ್ಡಾಗಬಹುದು. ಅದನ್ನು ಬಿಚ್ಚಿ ಒರೆಸಿ ಹಾಕಿದರೆ ಸಾಕು, ಹೊಸದನ್ನು ಕೊಳ್ಳಬೇಕಾಗಿಲ್ಲ.